ದೀವಟಿಗೆಯ ಬೆಳಕಿಗೆ ತಿದ್ದಿದ ಅಭಿಮನ್ಯು

ಕೇದಗೆ ಮುಂದಲೆ ಕಟ್ಟಿದ ಅಭಿಮನ್ಯು, ಯಕ್ಷಗಾನದ ಬಡಗುತಿಟ್ಟಿನ ವೇಷ. ಮಕ್ಕಳ ಪುಸ್ತಕವೊಂದರ ಮುಖಪುಟಕ್ಕೆಂದು ಆ ಚಿತ್ರ ಹಿಡಿದು ಕೂತು ಮೂರು ವಾರವಾಗಿತ್ತು. ನಿಲುವು ಸರಿಯಿತ್ತು, ರೇಖೆ ಸರಿಯಿತ್ತು. ಎದೆಕಟ್ಟಿನ ಮೇಲಿನ ಒಂದೊಂದು ಕನ್ನಡಿ ಚೂರನ್ನೂ ಬಿಡದೆ ಬರೆದಿದ್ದೆ. ಪರದೆಯನ್ನು ಶೇ 400ಕ್ಕೆ ಜೂಮ್ ಮಾಡಿ ಹುಬ್ಬಿನ ಕೂದಲು ಎಣಿಸುವಷ್ಟು ತೀಡಿದ್ದೆ. ಲೇಯರ್‌ಗಳು ಅರವತ್ತು ದಾಟಿದ್ದವು. ಇಷ್ಟಾದರೂ ಮುಖಕ್ಕೆ ಜೀವ ಬಂದಿರಲಿಲ್ಲ. ಏನು ಕಡಿಮೆ ಎಂದು ಗೊತ್ತಾಗದೆ ಮತ್ತೂ ಒಂದು ಮಣಿ, ಮತ್ತೂ ಒಂದು ಮಿಂಚು ಸೇರಿಸುತ್ತ ಹೋದೆ. ಸೇರಿಸಿದಷ್ಟೂ ಚಿತ್ರ ಭಾರವಾಯಿತು.

ಆ ಚಿತ್ರವನ್ನು ಫೋನಿಗೆ ಹಾಕಿಕೊಂಡು ಒಂದು ರಾತ್ರಿ ಆಟಕ್ಕೆ ಹೋದೆ. ಚೌಕಿಯಲ್ಲಿ ವೇಷ ಕಟ್ಟಲು ನೆರವಾಗುವ ಹಿರಿಯರೊಬ್ಬರಿದ್ದರು. ಪ್ರಾಯದಲ್ಲಿ ತಾವೇ ಅಭಿಮನ್ಯು, ಬಭ್ರುವಾಹನ ಮಾಡಿದವರು. ಅವರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ತಂದು ನೋಡಿದರು.

“ಚಂದ ಉಂಟು ಮಾರಾಯ್ರೆ. ಎಲ್ಲ ಉಂಟು. ಆದ್ರೆ ಇದು ಆಟದ ಹೊತ್ತಿನ ಮುಖ ಅಲ್ಲ. ಹಗಲು ಫೋಟೋ ತೆಗೆಯಲಿಕ್ಕೆ ನಿಂತ ಹಾಗೆ ಕಾಣ್ತದೆ.”

ಅಷ್ಟು ಹೇಳಿ ಅವರು ಯಾರದೋ ಗೆಜ್ಜೆ ಕಟ್ಟಲು ಬಗ್ಗಿದರು. ಮರುದಿನ ಬೆಳಿಗ್ಗೆ ನಾನು ಕಡತ ತೆರೆದು, ಮೂರು ವಾರದ ಕೆಲಸವನ್ನು ಒಂದು ಗುಂಪಿಗೆ ಸೇರಿಸಿ ಬೀಗ ಹಾಕಿ, ಮೊದಲಿನಿಂದ ನೋಡತೊಡಗಿದೆ. ಡಿಜಿಟಲ್ ಚಿತ್ರವನ್ನು ತಿದ್ದುವುದು ಹೇಗೆಂದು ಕೇಳುವ ಎಳೆಯರಿಗೆ ನಾನು ಈಗ ಹೇಳುವುದೆಲ್ಲ ಆ ವಾರ ಕಲಿತದ್ದೇ. ಕಣ್ಣು ಎಲ್ಲಿ ನಿಲ್ಲಬೇಕು, ಎಲ್ಲಿ ಜಾರಿಕೊಂಡು ಹೋಗಬೇಕು ಎಂಬ ತೀರ್ಮಾನ ಮೊದಲು ಆಗಬೇಕು. ನಮ್ಮ ಕೈಯ ಎಲ್ಲ ಉಪಕರಣಗಳೂ ಆ ತೀರ್ಮಾನದ ಆಳುಗಳು.

ಮೊದಲು ಮಾಡಿದ್ದು ಬಹಳ ಸಣ್ಣ ಕೆಲಸ. ಚಿತ್ರವನ್ನು ಅಂಚೆಚೀಟಿಯಷ್ಟು ಕಿರಿದು ಮಾಡಿ ನೋಡಿದೆ. ಪುಸ್ತಕದಂಗಡಿಯ ಕಪಾಟಿನಲ್ಲಿ, ಫೋನಿನ ಪರದೆಯಲ್ಲಿ ಮುಖಪುಟ ಕಾಣುವುದು ಹೆಚ್ಚುಕಡಿಮೆ ಆ ಗಾತ್ರದಲ್ಲೇ. ನನ್ನ ಅಭಿಮನ್ಯು ಅಲ್ಲಿ ಹಳದಿ ಮುದ್ದೆಯಾಗಿದ್ದ. ಮುಖ ಎಲ್ಲಿ ಮುಗಿಯಿತು, ಮುಂದಲೆ ಎಲ್ಲಿ ಶುರುವಾಯಿತು ಎಂದೇ ತಿಳಿಯುತ್ತಿರಲಿಲ್ಲ.

ಬಣ್ಣ ತೆಗೆದು ಕಪ್ಪು-ಬಿಳುಪಾಗಿಸಿದಾಗ ಕಾರಣ ಸಿಕ್ಕಿತು. ಮುಖಕ್ಕೆ ನಾನು ಹಚ್ಚಿದ ಬಣ್ಣದ ಅಂಕಿಗಳು ಕೆಂಪು 235, ಹಸಿರು 180, ನೀಲಿ 120. ಆಭರಣದ ಚಿನ್ನದ ಅಂಕಿಗಳು 230, 180, 60. ಬಣ್ಣದಲ್ಲಿ ನೋಡಿದರೆ ಒಂದು ತೊಗಲಿನ ಗುಲಾಬಿ-ಹಳದಿ, ಇನ್ನೊಂದು ಅಪ್ಪಟ ಚಿನ್ನ. ಗೊಂದಲಕ್ಕೆ ಎಡೆಯೇ ಇಲ್ಲ. ಆದರೆ ನಮ್ಮ ಕಣ್ಣು ಹೊಳಪನ್ನು ಅಳೆಯುವಾಗ ಮೂರೂ ಬಣ್ಣಗಳಿಗೆ ಒಂದೇ ತೂಕ ಕೊಡುವುದಿಲ್ಲ. ಹಸಿರಿಗೆ ಅತಿ ಹೆಚ್ಚು, ಕೆಂಪಿಗೆ ಅದರ ಅರ್ಧದಷ್ಟು, ನೀಲಿಗೆ ತೀರ ಅಲ್ಪ. ಟಿ.ವಿ. ತಂತ್ರಜ್ಞರು ಬಹಳ ಹಿಂದೆಯೇ ಇದನ್ನು ಲೆಕ್ಕಕ್ಕೆ ಇಳಿಸಿದ್ದಾರೆ: ಹಸಿರು 0.587, ಕೆಂಪು 0.299, ನೀಲಿ 0.114. ಈ ತೂಕದಲ್ಲಿ ಗುಣಿಸಿ ಕೂಡಿದರೆ ನನ್ನ ಮುಖದ ಬೂದು 190, ಚಿನ್ನದ ಬೂದು 181. ಎರಡರ ನಡುವೆ ಒಂಬತ್ತೇ ಮೆಟ್ಟಿಲು. ಕಣ್ಣಿಗೆ ಅವು ಒಂದೇ.

ಇಲ್ಲೊಂದು ಎಚ್ಚರಿಕೆ. ಬಣ್ಣ ಕಳೆಯುವ ದಾರಿಗಳು ಹಲವು, ಎಲ್ಲವೂ ನಂಬಿಕೆಗೆ ಅರ್ಹವಲ್ಲ. ಕ್ರಿಟಾ ತಂತ್ರಾಂಶದ ಡಿಸ್ಯಾಚುರೇಟ್ ಆಜ್ಞೆಯಲ್ಲಿ ಲೈಟ್‌ನೆಸ್ ಎಂಬ ಆಯ್ಕೆಯೂ ಇದೆ, ಲ್ಯುಮಿನಾಸಿಟಿ ಎಂಬುದೂ ಇದೆ. ಮೊದಲನೆಯದು ಇರುವ ಅಂಕಿಗಳಲ್ಲಿ ಅತಿ ದೊಡ್ಡದನ್ನೂ ಅತಿ ಚಿಕ್ಕದನ್ನೂ ಕೂಡಿ ಅರ್ಧ ಮಾಡುತ್ತದೆ, ಅಷ್ಟೆ. ಆ ಲೆಕ್ಕದಲ್ಲಿ ಅಚ್ಚ ಹಳದಿಯೂ ಅಚ್ಚ ನೀಲಿಯೂ ಒಂದೇ ಬೂದು! ಸೇವಂತಿಗೆ ಹೂವೂ ಶಂಖಪುಷ್ಪವೂ ಒಂದೇ ಹೊಳಪಿನವು ಎಂದು ಯಾರು ಒಪ್ಪುತ್ತಾರೆ? ಲ್ಯುಮಿನಾಸಿಟಿಯಲ್ಲಿ ಹಳದಿ 226, ನೀಲಿ 29. ಕಣ್ಣು ಹೇಳುವುದೂ ಅದನ್ನೇ. ನಾನು ಚಿತ್ರದ ಎಲ್ಲಕ್ಕಿಂತ ಮೇಲೆ ಇಂಥ ಒಂದು ಬೂದು ಲೇಯರ್ ಇಟ್ಟು, ಅರ್ಧ ತಾಸಿಗೊಮ್ಮೆ ಅದರ ಕಣ್ಣು ತೆರೆದು ಮುಚ್ಚುತ್ತೇನೆ.

ರೋಗವೇನೋ ತಿಳಿಯಿತು. ಮುಖವನ್ನು ಇನ್ನೂ ಬೆಳಗಿಸಲು ಜಾಗವಿರಲಿಲ್ಲ, ಆದ್ದರಿಂದ ಆಭರಣವನ್ನೇ ತಗ್ಗಿಸಬೇಕು. ಆದರೆ ಚಿನ್ನವನ್ನು ಕಪ್ಪಾಗಿಸುವುದಕ್ಕೆ ಕೈ ಬರುವುದಿಲ್ಲ. ಚಿನ್ನ ಅಂದರೆ ಹಳದಿ ಎಂದು ಎಲ್ಲರ ಮನಸ್ಸಿನಲ್ಲೂ ಕೂತುಬಿಟ್ಟಿದೆ.

ಈ ಅಭ್ಯಾಸ ಬಿಡಿಸಲು ಒಂದು ಪ್ರಯೋಗವಿದೆ. ಯಕ್ಷಗಾನದ ಭುಜಕೀರ್ತಿಯದೋ ಎದೆಕಟ್ಟಿನದೋ ಒಂದು ಫೋಟೋ ತೆರೆಯಿರಿ. ಐಡ್ರಾಪರ್ ಎಂಬ ಬಣ್ಣ ಹೀರುವ ಉಪಕರಣ ಹಿಡಿದು ಹತ್ತಾರು ಕಡೆ ಒತ್ತಿ, ಸಿಕ್ಕ ಬಣ್ಣಗಳನ್ನು ಪಕ್ಕದಲ್ಲಿ ಸಾಲಾಗಿ ಹಚ್ಚಿ. ಹೆಚ್ಚಿನವು ಕಂದು. ಕೆಲವು ಬೆಲ್ಲದ ಬಣ್ಣ, ಕೆಲವು ಸುಟ್ಟ ಗೇರುಬೀಜದ ಸಿಪ್ಪೆಯ ಬಣ್ಣ. ನಾವು ಚಿನ್ನ ಎಂದು ಕರೆಯುವ ಹಳದಿ ಎರಡೋ ಮೂರೋ ಕಡೆ ಸಿಕ್ಕೀತು, ಹೆಚ್ಚುಕಡಿಮೆ ಬಿಳಿಯಾದ ಮಿಂಚು ಒಂದೇ ಕಡೆ. ಲೋಹಕ್ಕೆ ಸ್ವಂತ ಮೈಬಣ್ಣ ತೋರುವ ಚಾಳಿ ಕಡಿಮೆ. ಅದು ಎದುರಿಗಿದ್ದುದನ್ನು ತನ್ನ ಬಣ್ಣದಲ್ಲಿ ಅದ್ದಿ ತೋರಿಸುತ್ತದೆ. ಎದುರಿಗೆ ದೀಪವಿದ್ದರೆ ಮಿಂಚು, ಕತ್ತಲೆಯಿದ್ದರೆ ಕಂದು, ಎರಡೂ ಪಕ್ಕಪಕ್ಕದಲ್ಲೇ, ನಡುವೆ ಸಂಧಿಯೇ ಇಲ್ಲದೆ. ಬಡಗಿನ ಆಭರಣಗಳು ಹಗುರ ಮರದಲ್ಲಿ ಕೆತ್ತಿ ಮೇಲೆ ಚಿನ್ನದ ಬಣ್ಣದ ಬೇಗಡೆ ಅಂಟಿಸಿದವು. ತೆಳು ಬೇಗಡೆ ಕೆತ್ತನೆಯ ಏರಿಳಿತಕ್ಕೆಲ್ಲ ಮಡಚಿಕೊಂಡು ಕೂತಿರುವುದರಿಂದ ಪ್ರತಿ ಮಡಿಕೆಯೂ ಬೇರೆ ದಿಕ್ಕಿಗೆ ಮುಖ ಮಾಡಿದ ಒಂದು ಸಣ್ಣ ಕನ್ನಡಿ. ನಾನು ಮೂರು ವಾರ ಮಾಡಿದ್ದು ಆ ಕನ್ನಡಿಗಳಿಗೆಲ್ಲ ಒಂದೇ ಹಳದಿ ಬಳಿದ ಕೆಲಸ.

ಮೈಸೂರು ಶೈಲಿಯ ಚಿತ್ರಕಾರರು ಈ ತೊಡಕನ್ನು ಬೇರೆ ದಾರಿಯಲ್ಲಿ ಬಿಡಿಸಿಕೊಂಡಿದ್ದರು. ಮಕ್ಕಿ ಸಫೇದ ಎಂಬ ಲೇಪದಿಂದ ಆಭರಣವನ್ನು ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದರು. ನೋಡುವವನು ತಲೆ ಅಲ್ಲಾಡಿಸಿದರೆ ಮಿಂಚೂ ಸರಿಯುತ್ತದೆ, ಏಕೆಂದರೆ ಅಲ್ಲಿರುವುದು ನಿಜವಾದ ಚಿನ್ನ, ನಿಜವಾದ ಬೆಳಕು. ಪರದೆಯಲ್ಲಿ ಬರೆಯುವವನಿಗೆ ಆ ಭಾಗ್ಯವಿಲ್ಲ. ಒಂದು ಕ್ಷಣದ ಮಿಂಚನ್ನು ಆರಿಸಿ, ಉಳಿದದ್ದನ್ನು ಕತ್ತಲೆಗೆ ಬಿಡಬೇಕು.

ಯಾವ ಕ್ಷಣ? ಚೌಕಿಯ ಹಿರಿಯರ ಮಾತಿಗೆ ಮರಳಬೇಕಾದ್ದು ಇಲ್ಲಿಯೇ.

ಇಂದು ಆಟ ನಡೆಯುವುದು ವಿದ್ಯುತ್ ದೀಪಗಳ ಹೊನಲಿನಲ್ಲಿ. ಅದಕ್ಕೂ ಮುಂಚೆ ಗ್ಯಾಸ್‌ಲೈಟ್ ಇತ್ತು, ಅದಕ್ಕೂ ಮುಂಚೆ ರಂಗದ ಬದಿಗಳಲ್ಲಿ ಉರಿಯುವ ದೀವಟಿಗೆ. ಯಕ್ಷಗಾನದ ಬಣ್ಣಗಾರಿಕೆ, ಕನ್ನಡಿ ಚೂರು, ಬೇಗಡೆ, ಕಣ್ಣಿನ ಸುತ್ತ ದಪ್ಪ ಕಾಡಿಗೆ ಎಲ್ಲ ರೂಪುಗೊಂಡದ್ದು ಆ ಅಲುಗಾಡುವ ಬೆಂಕಿಯ ಮುಂದೆ ಕಾಣಲೆಂದು. ನಾನೋ ನೆರಳೇ ಬೀಳದ, ಎಲ್ಲ ಕಡೆಯಿಂದಲೂ ಸಮನಾಗಿ ಬರುವ ಬೆಳಕಿನಲ್ಲಿ ಅವನನ್ನು ನಿಲ್ಲಿಸಿದ್ದೆ. ಆಟದಲ್ಲಿ ತೆಗೆದ ಫೋಟೋಗಳನ್ನು ಬಿಟ್ಟು ಹಗಲು ತೆಗೆದ ಸ್ಪಷ್ಟ ಫೋಟೋಗಳನ್ನೇ ಆಧಾರವಾಗಿ ಇಟ್ಟುಕೊಂಡದ್ದರ ಫಲ ಅದು. ಹಿರಿಯರು ಒಂದೇ ನೋಟಕ್ಕೆ ಅದನ್ನು ಹಿಡಿದಿದ್ದರು.

ದೀವಟಿಗೆ ಎಂದಾಗ ನನಗೆ ನೆನಪಾದದ್ದು ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಮಹಿಳೆ. ಅದು ರವಿವರ್ಮನ ಕೃತಿ ಎಂದು ಇವತ್ತಿಗೂ ಎಷ್ಟೋ ಜನ ತಿಳಿದಿದ್ದಾರೆ. ಬರೆದವರು ಸಾವಂತವಾಡಿಯಿಂದ ಬಂದ ಎಸ್. ಎಲ್. ಹಳದಣಕರ್, ರೂಪದರ್ಶಿಯಾಗಿ ನಿಂತವರು ಅವರ ಮಗಳು. ಎಣ್ಣೆಬಣ್ಣದ್ದೂ ಅಲ್ಲ, ಅದು ಜಲವರ್ಣ. ಕತ್ತಲು ಮಾಡಿದ ಕೋಣೆಯಲ್ಲಿ ಅದರ ಮುಂದೆ ನಿಂತವರಿಗೆ ಮೊದಲು ಕಾಣುವುದು ಮುಖ. ಆಮೇಲೆ ದೀಪಕ್ಕೆ ಮರೆ ಹಿಡಿದ ಕೈ, ಬೆರಳುಗಳ ಸಂದಿಯಲ್ಲಿ ರಕ್ತ ಕಾಣುವಂಥ ಕೆಂಪು. ಸೀರೆಯ ಹಿಂಬದಿ ಎಲ್ಲಿ ಮುಗಿಯಿತು ಎಂದು ಹುಡುಕಿ ನೋಡಿ: ಅದು ಕತ್ತಲೆಯೊಳಗೆ ಕರಗಿಹೋಗಿದೆ. ಜಲವರ್ಣದಲ್ಲಿ ಬಿಳಿ ಎಂದರೆ ಬಣ್ಣ ತಾಗಿಸದೆ ಉಳಿಸಿಕೊಂಡ ಕಾಗದ. ಆ ಚಿತ್ರಕಾರ ಬೆಳಕನ್ನು ಆಮೇಲೆ ಸೇರಿಸುವಂತೆಯೇ ಇರಲಿಲ್ಲ. ಮೊದಲ ದಿನವೇ ಅದಕ್ಕೆ ಜಾಗ ಕಾದಿರಿಸಿ, ಸುತ್ತಲೂ ಕತ್ತಲೆಯನ್ನು ಕಟ್ಟುತ್ತ ಬರಬೇಕಿತ್ತು. ಹಿಂದೆ ಹೋಗುವ ಬಟನ್ ಇರುವ ನಾವು ಆ ಚಿತ್ರದ ಮುಂದೆ ಒಂದು ಗಂಟೆ ನಿಲ್ಲಲೇಬೇಕು.

ನಾನೂ ಕತ್ತಲೆಯಿಂದಲೇ ತೊಡಗಿದೆ. ಇಡೀ ಆಕೃತಿಯ ಮೇಲೆ ಹೊಸ ಲೇಯರ್ ತೆರೆದು, ಕ್ಲಿಪ್ಪಿಂಗ್ ಮಾಸ್ಕ್ ಹಾಕಿದೆ. ಹಾಗೆ ಮಾಡಿದರೆ ಬಣ್ಣ ಆಕೃತಿಯ ಗಡಿ ದಾಟುವುದಿಲ್ಲ. ಅದನ್ನು ಮಲ್ಟಿಪ್ಲೈ ರೀತಿಗೆ ತಿರುಗಿಸಿದೆ. ಹೆಸರೇ ಹೇಳುವಂತೆ ಇದು ಗುಣಾಕಾರ: ಮೇಲಿನ ಅಂಕಿ, ಕೆಳಗಿನ ಅಂಕಿ ಗುಣಿಸಿ 255ರಿಂದ ಭಾಗಿಸುತ್ತದೆ. ಆದ್ದರಿಂದ ಯಾವತ್ತೂ ಕಪ್ಪಿನ ಕಡೆಗೇ ನಡೆಯುತ್ತದೆ, ಬಣ್ಣದ ಗಾಜಿನ ಮೇಲೆ ಇನ್ನೊಂದು ಗಾಜು ಇಟ್ಟ ಹಾಗೆ. ನೆರಳಿಗೆ ಕಪ್ಪು ಬಳಸುವವರೇ ಬಹಳ. ಮುಖದ 235, 180, 120ರ ಮೇಲೆ ಅರ್ಧ ಪಾರದರ್ಶಕ ಕಪ್ಪು ಹಚ್ಚಿದರೆ ಮೂರೂ ಅಂಕಿ ಅರ್ಧಕ್ಕಿಳಿದು 118, 90, 60 ಆಗುತ್ತವೆ. ಅದೇ ಬಣ್ಣ, ಮಸಿ ಹತ್ತಿದಂತೆ. ನಾನು ಬಳಸಿದ್ದು ಮಂದ ನೇರಳೆ: 120, 110, 160. ಗುಣಿಸಿದಾಗ ಬಂದದ್ದು 111, 78, 75. ನೀಲಿಯ ಅಂಕಿ 60ರ ಬದಲು 75ಕ್ಕೆ ನಿಂತಿತು. ಸಣ್ಣ ವ್ಯತ್ಯಾಸವೇ. ಆದರೆ ದೀಪ ತಲುಪದ ಕೆನ್ನೆಗೆ ಬಯಲಿನ ಇರುಳು ತಾಗಿದೆ ಎಂಬ ಭಾವ ಹುಟ್ಟಿದ್ದು ಅದರಿಂದ. ಬೆಂಕಿಯ ಬೆಳಕು ಸುಮಾರು 1,900 ಕೆಲ್ವಿನ್‌ನದು, ಬಹಳ ಕೆಂಪು-ಹಳದಿ. ಹಗಲು ಬಣ್ಣದ ಟ್ಯೂಬ್‌ಲೈಟ್ 6,500ರ ಹತ್ತಿರದ್ದು. ಬೆಳಕು ಬೆಚ್ಚಗಿದ್ದಷ್ಟೂ ಅದು ಮುಟ್ಟದ ಜಾಗ ಪಕ್ಕದಲ್ಲಿ ತಣ್ಣಗೆ ಕಾಣುತ್ತದೆ.

ಬೆಳಕು ಎಷ್ಟು ದೂರ ಹೋಗುತ್ತದೆ ಎಂಬುದನ್ನೂ ಕೈಯಂದಾಜಿಗೆ ಬಿಡಬೇಕಿಲ್ಲ. ಒಂದು ಜ್ವಾಲೆಯಿಂದ ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ನನ್ನ ಚಿತ್ರಕ್ಕೆ ಒಂದೇ ದೀವಟಿಗೆ ಸಾಕೆಂದು ತೀರ್ಮಾನಿಸಿ, ಅದನ್ನು ಅವನ ಬಲಗಡೆ, ಮೂರಡಿ ದೂರದಲ್ಲಿ, ಎದೆಯ ಮಟ್ಟಕ್ಕೆ ಹಿಡಿದೆ. ಬಲ ಭುಜಕೀರ್ತಿ ಮೂರಡಿಯಲ್ಲಿ, ಎಡಗಡೆಯದು ಐದಡಿಯಲ್ಲಿ. ಲೆಕ್ಕ ಹಾಕಿದರೆ ಎಡಗಡೆಗೆ ತಲುಪುವುದು ಬಲಗಡೆಯ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದರಲ್ಲೂ ಎದೆ, ತೋಳು ಅಡ್ಡ ಬರುತ್ತವೆ. ಮೂರು ವಾರದ ನನ್ನ ಮಣಿ, ಕನ್ನಡಿಗಳಲ್ಲಿ ಅರ್ಧಕ್ಕರ್ಧ ಈ ಒಂದು ಲೆಕ್ಕದಿಂದ ಕತ್ತಲೆಗೆ ಸೇರಿದವು. ನೋವಾಯಿತು. ಬೀಗ ಹಾಕಿದ ಗುಂಪಿನಲ್ಲಿ ಅವು ಇನ್ನೂ ಇವೆ ಎಂಬ ಸಮಾಧಾನವಿತ್ತು. ಡಿಜಿಟಲ್ ಕೆಲಸದ ದೊಡ್ಡ ಉಪಕಾರವೇ ಅದು, ಅಳಿಸದೆ ಮುಚ್ಚಬಹುದು.

ಬೆಳಕು ಕೆಳಗಿನಿಂದ ಬಂದಾಗ ಮುಖದ ಒಳಗಿನ ವ್ಯವಹಾರವೆಲ್ಲ ತಲೆಕೆಳಗು. ಗದ್ದದ ಅಡಿ, ಮೂಗಿನ ಹೊಳ್ಳೆಯ ಅಡಿ, ಹುಬ್ಬಿನ ಎಲುಬಿನ ಅಡಿ ಬೆಳಗುತ್ತವೆ. ಹಣೆಯ ಮೇಲುಭಾಗ, ಮುಂದಲೆಯ ತುದಿ ಮಬ್ಬಾಗುತ್ತವೆ. ಕಣ್ಣಿಗೆ ಅಭ್ಯಾಸವಿಲ್ಲದ ನೋಟ ಇದು, ಅದಕ್ಕೇ ಭಯವೂ ಗಾಂಭೀರ್ಯವೂ ಬರುತ್ತದೆ. ಚಕ್ರವ್ಯೂಹಕ್ಕೆ ನುಗ್ಗಲು ಹೊರಟ ಹುಡುಗನಿಗೆ ಬೇಕಾದ್ದೂ ಇದೇ ಎಂದು ಅನ್ನಿಸಿತು.

ಇನ್ನು ಅಂಚುಗಳ ವಿಷಯ. ಡಿಜಿಟಲ್ ಚಿತ್ರದಲ್ಲಿ ಹೊಸಬರ ಕೈ ಮೊದಲು ಗೊತ್ತಾಗುವುದು ಇಲ್ಲಿ. ಕೆಲವರಲ್ಲಿ ಎಲ್ಲ ಅಂಚೂ ಕತ್ತರಿಯಲ್ಲಿ ಕತ್ತರಿಸಿದಂತೆ. ಇನ್ನು ಕೆಲವರು ಏರ್‌ಬ್ರಷ್ಷನ್ನೋ ಸ್ಮಡ್ಜ್ ಉಪಕರಣವನ್ನೋ ಹಿಡಿದು ಎಲ್ಲವನ್ನೂ ನುಣ್ಣಗೆ ಉಜ್ಜುತ್ತಾರೆ. ಮುಖ ಗಾಳಿ ತುಂಬಿದ ಬಲೂನಿನಂತಾಗುತ್ತದೆ. ಎರಡೂ ಒಂದೇ ತಪ್ಪಿನ ಎರಡು ಮುಖಗಳು, ಎಲ್ಲ ಅಂಚಿಗೂ ಒಂದೇ ಮರ್ಯಾದೆ ಕೊಡುವುದು.

ಅಂಚು ಎಲ್ಲಿ ಚೂಪಾಗಬೇಕು ಎಂದು ಬೆಳಕೇ ಹೇಳುತ್ತದೆ. ಒಂದು ವಸ್ತು ಇನ್ನೊಂದರ ಮೇಲೆ ಬೀಳಿಸುವ ನೆರಳು ಬುಡದಲ್ಲಿ ಚೂಪು, ದೂರ ಹೋದಂತೆ ಮೃದು. ಕರ್ಣಪತ್ರದ ನೆರಳು ಕೆನ್ನೆಯನ್ನು ಮುಟ್ಟುವ ಜಾಗದಲ್ಲಿ ಗೀಟು ಎಳೆದಂತಿರುತ್ತದೆ, ಕುತ್ತಿಗೆಗೆ ಇಳಿಯುವಷ್ಟರಲ್ಲಿ ಕದಡಿಹೋಗಿರುತ್ತದೆ. ದುಂಡಗಿನ ಕೆನ್ನೆ ತಾನಾಗಿ ಬೆಳಕಿನಿಂದ ತಿರುಗಿಕೊಳ್ಳುವಾಗ ಹುಟ್ಟುವ ನೆರಳು ಮೊದಲಿನಿಂದಲೂ ಮೃದು. ದೀಪದ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ನಾಲ್ಕಡಿ ಉದ್ದದ ಟ್ಯೂಬ್‌ಲೈಟಿನ ನೆರಳು ಮಸುಕು, ಗೇಣುದ್ದದ ಜ್ವಾಲೆಯ ನೆರಳು ಅದಕ್ಕಿಂತ ಬಹಳ ಖಚಿತ. ನನ್ನ ಹಳೆಯ ಚಿತ್ರದಲ್ಲಿ ಕೆನ್ನೆಯ ಎಲ್ಲ ನೆರಳೂ ಏರ್‌ಬ್ರಷ್ಷಿನದೇ ಆಗಿತ್ತು. ಈಗ ಗಟ್ಟಿ ಅಂಚಿನ ದುಂಡು ಬ್ರಷ್ ಹಿಡಿದು ನೆರಳಿನ ಆಕಾರಗಳನ್ನು ಕತ್ತರಿಸಿಟ್ಟಂತೆ ಬರೆದೆ, ಆಮೇಲೆ ತಿರುಗುವ ಬದಿಯನ್ನು ಮಾತ್ರ ಮೃದು ಮಾಡಿದೆ. ಈ ಕ್ರಮ ಮುಖ್ಯ. ಮೊದಲೇ ಮಬ್ಬಾಗಿ ಬರೆದದ್ದನ್ನು ಆಮೇಲೆ ಗಟ್ಟಿ ಮಾಡುವುದು ಬಹಳ ಕಷ್ಟ.

ಮೃದು ಮಾಡಲು ಸ್ಮಡ್ಜ್ ಅನ್ನು ನಾನು ತೀರ ಕಡಿಮೆ ಬಳಸುತ್ತೇನೆ. ಅದು ಬಣ್ಣವನ್ನು ಎಳೆದು ಕೆಸರು ಮಾಡುತ್ತದೆ. ಅದರ ಬದಲು ಬೆಳಕು ಮತ್ತು ನೆರಳಿನ ಗಡಿಯಲ್ಲಿ ಐಡ್ರಾಪರ್ ಒತ್ತಿ, ಸಿಕ್ಕ ನಡುವಿನ ಬಣ್ಣವನ್ನು ಹಗುರ ಒತ್ತಡದಲ್ಲಿ ಹಚ್ಚುವುದು, ಮತ್ತೆ ಹೀರುವುದು, ಮತ್ತೆ ಹಚ್ಚುವುದು. ಪೆನ್ ಟ್ಯಾಬ್ಲೆಟ್ಟಿನ ಲೇಖನಿ ಒತ್ತಡವನ್ನು 8,192 ಹಂತಗಳಲ್ಲಿ ಅಳೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ಕೈ ಅಷ್ಟು ಹಂತ ಬಲ್ಲದೋ ಇಲ್ಲವೋ, ಆದರೆ ಗಡಿಯಲ್ಲಿ ಒಂದು ಗುಟ್ಟಿದೆ: ಮೈಯ ಮೇಲೆ ಬೆಳಕು ನೆರಳಾಗುವ ಆ ಕಿರಿದಾದ ಪಟ್ಟಿಯಲ್ಲಿ ಬಣ್ಣ ಬೂದಾಗಬಾರದು, ತುಸು ಕೆಂಪೇರಬೇಕು. ಚರ್ಮದೊಳಕ್ಕೆ ಹೊಕ್ಕ ಬೆಳಕು ರಕ್ತದ ಬಣ್ಣ ಹೊತ್ತು ಪಕ್ಕದಿಂದ ಹೊರಬರುತ್ತದೆ. ಹಳದಣಕರ್ ಚಿತ್ರದ ಬೆರಳುಗಳು ಕೆಂಪಾಗಿರುವುದು ಇದೇ ಕಾರಣಕ್ಕೆ.

ಇಲ್ಲಿ ನಾನು ಎಡವುವುದರಲ್ಲಿದ್ದೆ. ಆ ಕೆಂಪನ್ನು ಅಭಿಮನ್ಯುವಿನ ಕೆನ್ನೆಗೂ ಹಚ್ಚಿದೆ, ಹೊಂದಲಿಲ್ಲ. ಬಣ್ಣ ಹಚ್ಚಿದ ಮುಖ ತೊಗಲಿನಂತೆ ವರ್ತಿಸುವುದಿಲ್ಲ ಎಂದು ಹೊಳೆಯಲು ಒಂದು ಸಂಜೆಯೇ ಬೇಕಾಯಿತು. ಅದರ ಮೇಲೆ ಸಫೇದ ಬೆರೆಸಿದ ಬಣ್ಣದ ಪದರ, ಅದರ ಮೇಲೆ ಪೌಡರ್. ಬೆಳಕು ಒಳಗೆ ಇಳಿಯುವುದೇ ಇಲ್ಲ, ಮೇಲೆಯೇ ಚದುರುತ್ತದೆ. ಆದ್ದರಿಂದ ಮುಖದ ಮೇಲೆ ಮಿಂಚೂ ಇರಬಾರದು, ಕೆಂಪೂ ಇರಬಾರದು, ಹಣ್ಣಾದ ಪಪ್ಪಾಯಿಯ ಹೊರಮೈಯಂತೆ ಮಂಕಾಗಿರಬೇಕು. ಒದ್ದೆಯಾಗಿರುವುದು ಮೂರೇ ಕಡೆ: ಕಣ್ಣಾಲಿ, ಕೆಳರೆಪ್ಪೆಯ ಒಳಗಿನ ಸಣ್ಣ ಅಂಚು, ತುಟಿ. ಮಿಂಚನ್ನು ಅಲ್ಲಿ ಮಾತ್ರ ಇಟ್ಟೆ. ಆ ಹೊತ್ತಿಗೆ ಮೊದಲ ಸಲ ಅವನು ನನ್ನನ್ನು ನೋಡಿದ. ಬಣ್ಣ ಹಚ್ಚದ ಬೆರಳುಗಳ ತುದಿಗೆ, ದೀವಟಿಗೆಗೆ ಹತ್ತಿರವಿದ್ದ ಬಲಗೈಗೆ, ಆ ಕೆಂಪನ್ನು ಉಳಿಸಿಕೊಂಡೆ. ವೇಷದ ಒಳಗೊಬ್ಬ ಮನುಷ್ಯನಿದ್ದಾನೆ ಎಂದು ತೋರಿಸಲು ಅಷ್ಟು ಸಾಕಾಯಿತು.

ಕಣ್ಣಿನ ಬಿಳಿಯ ಬಗ್ಗೆ ಒಂದು ಮಾತು. ಅದು ಬಿಳಿಯಲ್ಲ. ಮೇಲಿನ ರೆಪ್ಪೆಯ ನೆರಳು ಬಿದ್ದು, ಗುಡ್ಡೆಯ ದುಂಡಿಗೆ ತಿರುಗಿ, ಅದು ಬೂದು. ನನ್ನ ಚಿತ್ರದಲ್ಲಿ ಅದರ ಅಂಕಿ 150ರ ಆಸುಪಾಸು, ಕೆನ್ನೆಗಿಂತ ಕಡಿಮೆ. ಆದರೂ ಬೆಳ್ಳಗೆ ಹೊಳೆಯುತ್ತದೆ. ಸುತ್ತ ಕಾಡಿಗೆಯಿದೆಯಲ್ಲ! ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಷೆವ್ರಲ್, ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಾಗ ನೂಲನ್ನು ಪರೀಕ್ಷಿಸಿ, ದೋಷ ಬಣ್ಣದಲ್ಲಿಲ್ಲ, ಪಕ್ಕದ ನೂಲಿನ ಬಣ್ಣದಲ್ಲಿದೆ ಎಂದು ಕಂಡುಕೊಂಡ. 1839ರಲ್ಲಿ ಆ ಬಗ್ಗೆ ಪುಸ್ತಕವನ್ನೇ ಬರೆದ. ಅದಕ್ಕಿಂತ ಎಷ್ಟೋ ಮುಂಚೆಯಿಂದ ನಮ್ಮ ವೇಷಧಾರಿಗಳು ಕನ್ನಡಿ ಮುಂದೆ ಕೂತು, ಕಣ್ಣು ದೂರದವರೆಗೆ ಕಾಣಲೆಂದು ರೆಪ್ಪೆಗೆ ಕಪ್ಪು ತೀಡುತ್ತ ಬಂದಿದ್ದಾರೆ. ಕಣ್ಣಾಲಿಯಲ್ಲಿ ಬೀಳುವ ಬೆಳಕಿನ ಚುಕ್ಕೆಯನ್ನೂ ಬದಲಿಸಿದೆ. ಹಳೆಯದು ಕಿಟಕಿಯ ಆಕಾರದ ಚೌಕ, ಸ್ಟುಡಿಯೋ ದೀಪದ ಗುರುತು. ಈಗ ಕೆಳಗಡೆ, ಬಲಕ್ಕೆ, ಜ್ವಾಲೆಯಂತೆ ಉದ್ದನೆಯ ಕಿತ್ತಳೆ ಚುಕ್ಕೆ.

ಮುಖ ಸೊಟ್ಟಗಿದೆಯೇ ಎಂದು ನೋಡಲು ಹಳೆಯ ಉಪಾಯವೇ ಇಂದಿಗೂ ಮೇಲು. ಚಿತ್ರವನ್ನು ಕನ್ನಡಿಯಲ್ಲಿ ನೋಡಿ ತಿದ್ದಿಕೊಳ್ಳಿ ಎಂದು ಇಟಲಿಯ ಆಲ್ಬರ್ಟಿ 1435ರಲ್ಲಿ ಬರೆದಿದ್ದ, ಲಿಯೊನಾರ್ಡೊ ಕೂಡ ಅದನ್ನೇ ಹೇಳಿದ. ನಮಗೆ ಒಂದು ಕೀಲಿ ಒತ್ತಿದರೆ ಇಡೀ ಚಿತ್ರ ಎಡಬಲ ತಿರುಗುತ್ತದೆ. ದಿನಗಟ್ಟಲೆ ನೋಡಿ ಕುರುಡಾದ ಕಣ್ಣಿಗೆ ಅದು ಬೇರೆಯವರು ಬರೆದ ಚಿತ್ರವಾಗಿ ಕಾಣುತ್ತದೆ. ನನ್ನ ಅಭಿಮನ್ಯುವಿನ ಎಡಗಣ್ಣು ಬಲಗಣ್ಣಿಗಿಂತ ಮೇಲಕ್ಕೆ ಹೋಗಿದ್ದು ಹಾಗೆ ಸಿಕ್ಕಿತು. ಒಂದು ಜೋಪಾನ: ತಿರುಗಿಸಬೇಕಾದ್ದು ನೋಟವನ್ನು ಮಾತ್ರ, ಕಡತವನ್ನಲ್ಲ. ಕಡತವನ್ನೇ ತಿರುಗಿಸಿ ಮರೆತರೆ ಎಡಗೈಯ ಬಿಲ್ಲು ಬಲಗೈಗೆ ಬಂದು ಕೂರುತ್ತದೆ, ಜನಿವಾರ ಬಲ ಹೆಗಲಿಗೆ ಬರುತ್ತದೆ. ನಮ್ಮ ಓದುಗರು ಅದನ್ನು ಕ್ಷಮಿಸುವುದಿಲ್ಲ.

ಲೇಯರ್‌ಗಳ ವಿಷಯದಲ್ಲಿ ನಾನು ಈಗ ಬಹಳ ಜಿಪುಣ. ಎ4 ಕಾಗದವನ್ನು ಅಚ್ಚಿಗೆಂದು ಇಂಚಿಗೆ 300 ಚುಕ್ಕೆಯಂತೆ ತೆರೆದರೆ 2,480 ಗುಣಿಸು 3,508, ಅಂದರೆ 87 ಲಕ್ಷ ಚುಕ್ಕೆಗಳು. ಒಂದು ಚುಕ್ಕೆಗೆ ಬಣ್ಣದ ಮೂರು, ಪಾರದರ್ಶಕತೆಯ ಒಂದು, ಹೀಗೆ ನಾಲ್ಕು ಬೈಟ್. ತುಂಬಿದ ಒಂದು ಲೇಯರ್‌ಗೆ ಸುಮಾರು 35 ಎಂಬಿ, ಅರವತ್ತಕ್ಕೆ ಎರಡು ಜಿಬಿ. ಸಾಧಾರಣ ಕಂಪ್ಯೂಟರು ಉಬ್ಬಸಪಡುತ್ತದೆ. ಕಂಪ್ಯೂಟರಿಗಿಂತ ಮೊದಲು ಬರೆಯುವವನೇ ದಿಕ್ಕು ತಪ್ಪುತ್ತಾನೆ, ಯಾವ ಮಣಿ ಯಾವ ಲೇಯರಿನಲ್ಲಿದೆ ಎಂದು ಹುಡುಕುವುದರಲ್ಲೇ ಸಂಜೆಯಾಗುತ್ತದೆ. ಫೋಟೋಶಾಪಿಗೆ ಲೇಯರ್ ಬಂದದ್ದೇ 1994ರಲ್ಲಿ. ಈಗ ನಾನು ಹಿನ್ನೆಲೆ, ಆಕೃತಿ, ನೆರಳು, ಬೆಳಕು, ಕೊನೆಯ ತಿದ್ದುಪಡಿ ಎಂದು ಐದಾರರಲ್ಲಿ ಮುಗಿಸುತ್ತೇನೆ. ಒಂದು ಹಂತ ಒಪ್ಪಿಗೆಯಾದ ಕೂಡಲೇ ಕಡತದ ಪ್ರತಿ ಇಟ್ಟು, ಎಲ್ಲವನ್ನೂ ಒಂದು ಮಾಡಿ, ಅದರ ಮೇಲೆ ನೇರವಾಗಿ ಬರೆಯುತ್ತೇನೆ. ಹಾಗೆ ಬರೆದಾಗ ಮುಖದ ಬಣ್ಣ ಮುಂದಲೆಗೂ, ಮುಂದಲೆಯದು ಇರುಳಿಗೂ ಸಲೀಸಾಗಿ ದಾಟುತ್ತದೆ.

ಕರಗುವ ಅಂಚುಗಳು ಹುಟ್ಟಿದ್ದೂ ಹಾಗೆಯೇ. ಎಡ ಭುಜಕೀರ್ತಿಯ ಹೊರಗೆರೆಯನ್ನು ಹಿನ್ನೆಲೆಯ ಕಪ್ಪು-ನೀಲಿಯಿಂದಲೇ ಒರಸಿದೆ. ಒಂದೇ ಒಂದು ಕನ್ನಡಿ ಚೂರು ಮಾತ್ರ ಮಿನುಗಲಿ ಎಂದು ಬಿಟ್ಟೆ. ಕಣ್ಣು ಆ ಚುಕ್ಕೆಯಿಂದ ಹೊರಟು ಕಾಣದ ಗೆರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಕಸೆ ಸೀರೆಯ ಚೌಕುಳಿಗಳಲ್ಲಿ ದೀಪದ ಬದಿಯ ಎಂಟು ಹತ್ತನ್ನು ಖಚಿತವಾಗಿ ಬರೆದೆ, ಉಳಿದವು ಕೆಂಪು-ಕಪ್ಪು ಸೂಚನೆಗಳು. ಅತಿ ಚೂಪಾದ ಗೆರೆ, ಅತಿ ಹೆಚ್ಚಿನ ಬಿಳಿ-ಕಪ್ಪು ವ್ಯತ್ಯಾಸ, ಅತಿ ಶುದ್ಧ ಬಣ್ಣ ಮೂರನ್ನೂ ಕಣ್ಣುಗಳ ಸುತ್ತ ಒಂದು ಅಂಗೈ ಅಗಲದಲ್ಲಿ ಇಟ್ಟೆ.

ಉಳಿದದ್ದು ಅಚ್ಚು. ಹಿಂದೊಮ್ಮೆ ಬೇರೊಂದು ಪುಸ್ತಕಕ್ಕೆ ಬರೆದ ರಾತ್ರಿಯ ದೃಶ್ಯ ಮುದ್ರಣವಾಗಿ ಬಂದಾಗ ಮುಕ್ಕಾಲು ಪುಟ ಬರೀ ಕಪ್ಪಾಗಿತ್ತು. ಪರದೆ ಸ್ವತಃ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಅಚ್ಚಿನ ನಾಲ್ಕು ಶಾಯಿಗಳಿಗೆ ಪರದೆಯ ಉರಿಯುವ ಕಿತ್ತಳೆ ಎಟಕುವುದಿಲ್ಲ, ಕಾಗದ ಶಾಯಿ ಹೀರಿ ಚುಕ್ಕೆಗಳು ಹಿಗ್ಗಿ ನೆರಳಿನ ಒಳವಿವರ ಮುಚ್ಚಿಕೊಳ್ಳುತ್ತದೆ. ಆ ಪುಸ್ತಕದ ಮಕ್ಕಳಿಗೆ ಚಿತ್ರ ತಲುಪದೇ ಹೋದದ್ದು ನನಗೆ ಇವತ್ತಿಗೂ ಸಂಕಟ. ಈ ಸಲ ಸಾಫ್ಟ್ ಪ್ರೂಫ್ ಹಾಕಿ, ಅಂದರೆ ಅಚ್ಚಿನ ಬಣ್ಣವನ್ನು ಪರದೆಯಲ್ಲೇ ಅಣಕು ಮಾಡಿ ನೋಡುವ ವ್ಯವಸ್ಥೆಯಲ್ಲಿ, ನೆರಳುಗಳನ್ನು ಒಂದೆರಡು ಮೆಟ್ಟಿಲು ಮೇಲಕ್ಕೆತ್ತಿದೆ. ಕಿತ್ತಳೆ ತಾನು ಉರಿಯಲಾರದು ಎಂದಾದಾಗ ಸುತ್ತಲಿನ ನೀಲಿಯನ್ನು ಇನ್ನಷ್ಟು ತಣ್ಣಗಾಗಿಸಿದೆ. ಷೆವ್ರಲ್ ಮತ್ತೆ ಕೈ ಹಿಡಿದ. ಮಾದರಿ ಪ್ರತಿಯನ್ನು ಅದೇ ಕಾಗದದ ಮೇಲೆ ತೆಗೆಸಿ, ಹಗಲು ಬೆಳಕಿನಲ್ಲೂ ಅಡುಗೆಮನೆಯ ಬಲ್ಬಿನ ಕೆಳಗೂ ಹಿಡಿದು ನೋಡಿದೆ. ಇವೆಲ್ಲವನ್ನೂ ನಾನು ಮಾಡಿದ್ದು ಕ್ರಿಟಾದಲ್ಲಿ. ಅದಕ್ಕೆ ಒಂದು ರೂಪಾಯಿ ಕೊಡಬೇಕಿಲ್ಲ. ಊರಿನ ಹುಡುಗ ಹುಡುಗಿಯರು ಒಂದು ಸಣ್ಣ ಪೆನ್ ಟ್ಯಾಬ್ಲೆಟ್ ಕೊಂಡರೆ ಸಾಕು ಎಂದು ಹೇಳಲು ನನಗೆ ಬಹಳ ಸಂತೋಷ.

ಪುಸ್ತಕ ಬಂದ ಮೇಲೆ ಒಂದು ಪ್ರತಿ ಹಿಡಿದು ಮತ್ತೆ ಚೌಕಿಗೆ ಹೋದೆ. ಹಿರಿಯರು ಪೆಟ್ಟಿಗೆಯ ಮೇಲೆ ಕೂತು, ಪುಸ್ತಕವನ್ನು ಕೈಯುದ್ದ ದೂರ ಹಿಡಿದು ಬಹಳ ಹೊತ್ತು ನೋಡಿದರು. ಅವರ ಬೆರಳು ಎಡ ಭುಜದ ಮೇಲೆ ಬಂದು ನಿಂತಿತು.

“ಇಲ್ಲಿ ಬೇಗಡೆ ಕಾಣುದಿಲ್ವಲ್ಲ?”

“ಬೆಳಕು ಅಷ್ಟು ದೂರ ಹೋಗಲಿಲ್ಲ,” ಅಂದೆ.

“ಹೌದು, ಹೋಗ್ತಿರ್ಲಿಲ್ಲ,” ಅಂದರು. ಪುಸ್ತಕವನ್ನು ತಮ್ಮ ಚೀಲಕ್ಕೆ ಇಟ್ಟುಕೊಳ್ಳುತ್ತ ಕೇಳಿದರು, “ಇನ್ನೊಂದು ಸಲ ತೆಂಕಿನ ಬಣ್ಣದ ವೇಷ ಬರೀರಿ ನೀವು. ಚಿಟ್ಟಿ ಇಟ್ಟ ಮುಖ. ಆಗ್ತದಾ?”

ಅಕ್ಕಿಹಿಟ್ಟು, ಸುಣ್ಣ ಕಲಸಿ ಒಂದೊಂದಾಗಿ ಇಟ್ಟ ನೂರಾರು ಬಿಳಿ ಮುಳ್ಳುಗಳು. ದೀವಟಿಗೆಯನ್ನು ಬದಿಯಿಂದ ಹಿಡಿದರೆ ಪ್ರತಿ ಮುಳ್ಳಿಗೂ ಒಂದು ನೆರಳು, ಬುಡದಲ್ಲಿ ಚೂಪು. ಅವುಗಳಲ್ಲಿ ಯಾವುದನ್ನು ಬರೆಯುವುದು, ಯಾವುದನ್ನು ಬಿಡುವುದು ಎಂದು ಯೋಚಿಸುತ್ತ ಬಸ್ಸು ಹತ್ತಿದೆ.